ಜೇಬಿನ ಕ್ಯಾಮೆರಾ: ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ತೀರ್ಥಹಳ್ಳಿ ಕಡೆ. 2010ರಲ್ಲಿ 8,995 ರೂಪಾಯಿ ಕೊಟ್ಟು ಜೇಬಲ್ಲಿ ಹಿಡಿಯುವ ಒಂದು ಡಿಜಿಟಲ್ ಕ್ಯಾಮೆರಾ ತಗೊಂಡೆ. 12 ಮೆಗಾಪಿಕ್ಸೆಲ್, 5 ಪಟ್ಟು ಜೂಮ್. ಅದೇ ವಾರ ನಮ್ಮ ಭಾವನೂ ಅದೇ ಮಾಡೆಲ್ ತಗೊಂಡರು. ಅವರದು ಬೀರುವಿನಲ್ಲಿ, ಬಟ್ಟೆಯೊಳಗೆ ಸುತ್ತಿ, ಜೋಪಾನವಾಗಿತ್ತು. ನನ್ನದು ತೋಟ, ತೇರು, ಮದುವೆಮನೆ ಅಂತ ಊರೆಲ್ಲ ಅಲೆಯಿತು. ಭಾವನ ಕ್ಯಾಮೆರಾ ಐದೇ ವರ್ಷಕ್ಕೆ ಕಣ್ಣು ಮುಚ್ಚಿತು. ನನ್ನದು ಈಗಲೂ ನಡೆಯುತ್ತಿದೆ. ಅಲ್ಲಿಂದ ಶುರುವಾಯಿತು ನೋಡಿ, ಊರಿನವರು, ನೆಂಟರು ತಮ್ಮ ತಮ್ಮ ಕ್ಯಾಮೆರಾ ಹಿಡಿದುಕೊಂಡು ನಮ್ಮ ಜಗುಲಿಗೆ ಬರುವುದು. ನಾನು ರಿಪೇರಿಯವನಲ್ಲ. ಆದರೆ ಅವರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ಫೋನ್ ಇದೆಯಲ್ಲ, ಇನ್ನು ಈ ಕ್ಯಾಮೆರಾ ಯಾಕೆ?

ಹಗಲು ಹೊತ್ತಲ್ಲಿ ಮನೆಮಂದಿ ನಿಂತು ತೆಗೆಸಿಕೊಳ್ಳುವ ಫೋಟೊಗೆ ಫೋನೇ ಸಾಕು. ಇದರಲ್ಲಿ ವಾದ ಬೇಡ. ಫೋನ್ ಒಂದೇ ಸಲಕ್ಕೆ ಹಲವು ಚಿತ್ರ ತೆಗೆದು, ಒಂದಕ್ಕೊಂದು ಸೇರಿಸಿ, ಕತ್ತಲು ಜಾಗವನ್ನೂ ಎತ್ತಿ ತೋರಿಸುತ್ತದೆ. ಹಳೇ ಚಿಕ್ಕ ಕ್ಯಾಮೆರಾಗೆ ಆ ಬುದ್ಧಿ ಇಲ್ಲ.

ಕ್ಯಾಮೆರಾ ಗೆಲ್ಲುವುದು ಎರಡು ಕಡೆ. ಒಂದು, ನಿಜವಾದ ಜೂಮ್. ಗಾಜು ಹಿಂದೆ ಮುಂದೆ ಸರಿದು ದೂರದ್ದನ್ನು ಹತ್ತಿರ ತರುತ್ತದೆ. ಅಡಿಕೆ ಮರದ ತುದಿಯಲ್ಲಿ ಕೂತ ಮಂಗಟ್ಟೆ ಹಕ್ಕಿಯನ್ನು ನಮ್ಮ ಮನೆಯ ಫೋನಿನಲ್ಲಿ ತೆಗೆದರೆ ಕಪ್ಪು ಚುಕ್ಕೆ, ಕ್ಯಾಮೆರಾದಲ್ಲಿ ಅದರ ಕೊಂಬು ಕಾಣುತ್ತದೆ. ಇನ್ನೊಂದು ಫ್ಲಾಶ್. ಫೋನಿನ ಫ್ಲಾಶ್ ಅಂದರೆ ಒಂದು ಎಲ್‌ಇಡಿ ದೀಪ, ಅಷ್ಟೇ. ಕ್ಯಾಮೆರಾದ್ದು ಕ್ಸೆನಾನ್ ಟ್ಯೂಬು. ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ಪಟ್ ಅಂತ ಮಿಂಚಿ, ಓಡುವ ಮಗುವನ್ನೂ ನಿಲ್ಲಿಸುತ್ತದೆ. ಮೂರನೆಯದೂ ಒಂದಿದೆ. ಫೋಟೊ ತೆಗೆಯುವ ಹೊತ್ತಿಗೆ ಸರಿಯಾಗಿ ಇದಕ್ಕೆ ಯಾರೂ ಕಾಲ್ ಮಾಡುವುದಿಲ್ಲ.

ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಫೋಟೊ ಚೆನ್ನಾಗಿ ಬರುತ್ತಾ?

ಇಲ್ಲ. ಅಂಗಡಿಯವರು ಇದನ್ನೇ ಹೇಳಿ ಮಾರಿದರು, ನಾವೂ ಅದನ್ನೇ ನಂಬಿ ತಗೊಂಡೆವು.

ಆಲ್ಬಮ್ಮಿಗೆ ಹಾಕುವ 5 ಇಂಚು 7 ಇಂಚಿನ ಪ್ರಿಂಟಿಗೆ 3 ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. 12 ಮೆಗಾಪಿಕ್ಸೆಲ್ ಇದ್ದರೆ ಗೋಡೆಗೆ ಹಾಕುವಷ್ಟು ದೊಡ್ಡದಾಗಿಯೇ ಮಾಡಿಸಬಹುದು. ನೋಡಬೇಕಾದ್ದು ಬೆಳಕು ಹಿಡಿದು ಚಿತ್ರ ಮಾಡುವ ಒಳಗಿನ ಸೆನ್ಸರ್ ಎಷ್ಟು ದೊಡ್ಡದು ಅನ್ನುವುದನ್ನು. ಜೇಬಿನ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಸೆನ್ಸರಿನ ಅಳತೆ ಸುಮಾರು 6.2 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಅಗಲ. ಒಂದು ತೊಗರಿಬೇಳೆ ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಹೆಚ್ಚುಕಮ್ಮಿ ಅಷ್ಟೇ. ಒಂದು ಮೆಗಾಪಿಕ್ಸೆಲ್ ಅಂದರೆ ಒಂದು ಮಿಲಿಯನ್, ಹತ್ತು ಲಕ್ಷ ಚುಕ್ಕೆ. ಆ ಬೇಳೆಯ ಮೇಲೆ 12 ಮಿಲಿಯನ್ ಚುಕ್ಕೆ ಕೂರಿಸಿದ್ದನ್ನೇ 20 ಮಾಡಿದರೆ ಒಂದೊಂದು ಚುಕ್ಕೆಗೂ ಸಿಗುವ ಬೆಳಕು ಕಮ್ಮಿಯಾಯಿತು. ಹಾಗಾಗಿಯೇ ಸಂಜೆ ಹೊತ್ತಿನ ಫೋಟೊದಲ್ಲಿ ಮುಖದ ಮೇಲೆ ರವೆ ಉದುರಿಸಿದ ಹಾಗೆ ಕಾಣುವುದು.

2012ರಲ್ಲಿ ಸೋನಿಯವರ ಆರ್‌ಎಕ್ಸ್100 ಬಂತು. ಜೇಬಿಗೇ ಹೋಗುವ ಮೈ, ಆದರೆ ಸೆನ್ಸರ್ 13.2 ಗುಣಿಸು 8.8 ಮಿಲಿಮೀಟರ್. ಲೆಕ್ಕ ಹಾಕಿ, ನಾಲ್ಕು ಪಟ್ಟು ಜಾಗ. ಜನ ಅದಕ್ಕೆ ಅಷ್ಟೊಂದು ಹಣ ಕೊಟ್ಟಿದ್ದು ಈ ಕಾರಣಕ್ಕೆ.

ಯಕ್ಷಗಾನದ ಫೋಟೊ ತೆಗೆದರೆ ಒಂದೋ ಕಲಸಿಹೋಗುತ್ತದೆ, ಇಲ್ಲವೇ ಮುಖ ಬೆಳ್ಳಗಾಗುತ್ತದೆ. ಕ್ಯಾಮೆರಾ ಹಾಳಾಗಿದೆಯಾ?

ಕ್ಯಾಮೆರಾ ಸರಿಯಾಗೇ ಇದೆ. ಇದನ್ನು ನಾನು ರಾತ್ರಿಗಟ್ಟಲೆ ಕೂತು ಕಲಿತಿದ್ದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಫ್ಲಾಶ್ ಆಫ್ ಮಾಡಿ. ಚಿಕ್ಕ ಕ್ಯಾಮೆರಾದ ಫ್ಲಾಶ್ ಮೂರು ನಾಲ್ಕು ಮೀಟರಿನಾಚೆ ಏನೂ ಮಾಡುವುದಿಲ್ಲ. ಮುಂದಿನ ಸಾಲಿನವರ ಬೋಳುತಲೆ ಮಾತ್ರ ಹೊಳೆಯುತ್ತದೆ. ವೇಷಧಾರಿಗಳ ಕಣ್ಣಿಗೂ ಹಿಂಸೆ.

ಆಮೇಲೆ ಜೂಮ್ ಮಾಡಬೇಡಿ, ಎದ್ದು ಮುಂದೆ ಹೋಗಿ ಕೂತುಕೊಳ್ಳಿ. ಲೆನ್ಸಿನ ಸುತ್ತ 2.8–5.9 ಅಂತ ಬರೆದಿರುತ್ತದಲ್ವಾ? ಜೂಮ್ ಮಾಡದೆ ಇದ್ದಾಗ 2.8, ಪೂರ್ತಿ ಎಳೆದಾಗ 5.9. ಈ ಅಂಕಿ ಏರಿದಷ್ಟೂ ಬೆಳಕು ಕಮ್ಮಿ. ಅಂದರೆ ಪೂರ್ತಿ ಎಳೆದಾಗ ಒಳಗೆ ಬರುವ ಬೆಳಕು ಕಾಲು ಭಾಗಕ್ಕಿಂತಲೂ ಕಮ್ಮಿ. ಅದನ್ನು ಸರಿದೂಗಿಸಲು ಕ್ಯಾಮೆರಾ ಶಟರನ್ನು, ಅಂದರೆ ಬೆಳಕು ಒಳಬಿಡುವ ಬಾಗಿಲನ್ನು, ಹೆಚ್ಚು ಹೊತ್ತು ತೆರೆದಿಡುತ್ತದೆ, ನಿಮ್ಮ ಕೈ ನಡುಗಿದ್ದೆಲ್ಲ ಚಿತ್ರದಲ್ಲಿ ಸೇರುತ್ತದೆ.

ಮುಖ ಬೆಳ್ಳಗಾಗುವುದಕ್ಕೆ ಕಾರಣ ಹಿಂದಿನ ಕತ್ತಲು. ರಂಗಸ್ಥಳದ ಹಿಂದೆಲ್ಲ ಕಪ್ಪು, ಮಧ್ಯದಲ್ಲಿ ಬೆಳಕು ಬಿದ್ದ ವೇಷ. ಕ್ಯಾಮೆರಾ ಒಟ್ಟಾರೆ ನೋಡಿ ‘ಅಯ್ಯೋ ಕತ್ತಲು’ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಪ್ಲಸ್ ಮೈನಸ್ ಗುರುತಿನ ಬಟನ್ ಇರುತ್ತದೆ, ಅದರಲ್ಲಿ ಮೈನಸ್ 1ಕ್ಕೆ ಇಳಿಸಿ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ, ಅದನ್ನು 400ಕ್ಕೆ ಇಡಿ, ತೀರಾ ಆಗದಿದ್ದರೆ 800. ಮಂಡಿ ಕುಣಿತದ ಹೊತ್ತಲ್ಲಿ ತೆಗೆಯಲು ಹೋಗಬೇಡಿ, ಅದು ಈ ಕ್ಯಾಮೆರಾದ ಕೈಲಿ ಆಗುವ ಕೆಲಸವಲ್ಲ. ಕುಣಿತ ಮುಗಿಸಿ, ಎದೆ ಉಬ್ಬಿಸಿ, ಮಾತಿಗೆ ಮೊದಲು ಒಂದು ಉಸಿರು ನಿಲ್ಲುತ್ತಾರಲ್ಲ, ಅಲ್ಲಿ ಒತ್ತಬೇಕು. ಭಾಗವತರ ಪದ ಗೊತ್ತಿದ್ದವರಿಗೆ ಆ ಜಾಗ ಮೊದಲೇ ಗೊತ್ತಾಗುತ್ತದೆ.

ಬಟನ್ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಫೋಟೊ ಬೀಳುತ್ತದೆ. ಯಾಕೆ?

ಒತ್ತಿದ ಮೇಲೆ ಅದು ಫೋಕಸ್ ಹುಡುಕುತ್ತದೆ, ಅದಕ್ಕೇ ಹೊತ್ತು ಹೋಗುವುದು. ಬಟನ್ ಅರ್ಧ ಒತ್ತಿ ಹಿಡಿಯಿರಿ, ಹಸಿರು ಚೌಕ ಬರಲಿ. ಬೇಕಾದ ಕ್ಷಣಕ್ಕೆ ಉಳಿದರ್ಧ ಒತ್ತಿ. ತಾಳಿ ಕಟ್ಟುವ ಫೋಟೊ ತಪ್ಪಿಸಿಕೊಂಡವರೆಲ್ಲ ಇದೊಂದನ್ನು ಕಲಿತಿದ್ದರೆ ಸಾಕಿತ್ತು.

‘ಲೆನ್ಸ್ ಎರರ್’ ಅಂತ ತೋರಿಸಿ ಆಫ್ ಆಗುತ್ತದೆ. ಏನು ಮಾಡಲಿ?

ನಮ್ಮ ಜಗುಲಿಗೆ ಬರುವ ಕ್ಯಾಮೆರಾಗಳಲ್ಲಿ ಅರ್ಧಕ್ಕರ್ಧ ಇದೇ ಕಾಯಿಲೆಯವು. ಲೆನ್ಸ್ ಅರ್ಧ ಹೊರಗೆ ಬಂದು, ಟಕ್ ಟಕ್ ಅಂತ ಎರಡು ಸಲ ತಡವರಿಸಿ, ಅಲ್ಲೇ ನಿಂತುಬಿಡುತ್ತದೆ.

ಈ ಲೆನ್ಸು ಒಂದರೊಳಗೊಂದು ಕೂರುವ ಮೂರು ಬಳೆಗಳ ಹಾಗಿದೆ. ಅದನ್ನು ತಳ್ಳುವ ಮೋಟಾರು ಕಡಲೆಕಾಯಿ ಬೀಜದಷ್ಟು, ಹಲ್ಲುಚಕ್ರಗಳು ಪ್ಲಾಸ್ಟಿಕ್ಕಿನವು. ಬಳೆಗಳ ನಡುವಿನ ಸಂದು ಕಾಗದದ ದಪ್ಪವಿದ್ದರೆ ಹೆಚ್ಚು. ಅಲ್ಲಿ ಒಂದು ಕಣ ಸಿಕ್ಕಿಕೊಂಡರೂ ಮೋಟಾರು ಸೋಲುತ್ತದೆ. ಕೆಳಗೆ ಬಿದ್ದು ಬಳೆ ಓರೆಯಾದರೂ ಅಷ್ಟೇ. ಕೆಲವು ಸಲ ಬ್ಯಾಟರಿ ಸೋತು, ಲೆನ್ಸ್ ಒಳಗೆಳೆದುಕೊಳ್ಳಲು ಶಕ್ತಿ ಸಾಲದೆಯೂ ಹೀಗಾಗುತ್ತದೆ. ಹಾಗಾಗಿ ಮೊದಲು ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ನೋಡಿ. ಆಮೇಲೆ ಲೆನ್ಸ್ ನೆಲದ ಕಡೆಗೆ ಹಿಡಿದು, ರಬ್ಬರ್ ಬಲ್ಬಿನ ಬ್ಲೋವರಿನಿಂದ ಸುತ್ತಲೂ ಗಾಳಿ ಹಾಕಿ. ಬಾಯಲ್ಲಿ ಊದಬೇಡಿ, ಎಂಜಲು ಹೋಗುತ್ತದೆ. ಬೆರಳಲ್ಲಿ ಒತ್ತಿ ಒಳಗೆ ತಳ್ಳಲೇಬೇಡಿ, ಹಲ್ಲು ಮುರಿದರೆ ಅಲ್ಲಿಗೆ ಮುಗಿಯಿತು.

ನನ್ನದಕ್ಕೆ ಇದು ಬಂದಿದ್ದು 2013ರಲ್ಲಿ, ಗೋಕರ್ಣದ ಓಂ ಬೀಚಿನಲ್ಲಿ. ಮರಳು ಮೆತ್ತಿದ ಕೈಯಲ್ಲೇ ಆನ್ ಮಾಡಿದ್ದೆ. ಕರ್ ಅಂತ ಒಂದು ಸದ್ದು, ಕಾಫಿಪುಡಿ ಮೆಷಿನ್ನಿಗೆ ಕಲ್ಲು ಸಿಕ್ಕಿದ ಹಾಗೆ. ಸರ್ವೀಸ್ ಸೆಂಟರಿನವರು ಲೆನ್ಸ್ ಇಡಿಯಾಗಿ ಬದಲಾಯಿಸಬೇಕು, 4,200 ರೂಪಾಯಿ ಅಂದರು. ಅವರು ಹಾಗೇ ಹೇಳುವುದು, ಒಳಗಿನ ಬಿಡಿಭಾಗ ಬಿಚ್ಚಿ ಕೂರುವಷ್ಟು ಪುರುಸೊತ್ತು ಅವರಿಗಿಲ್ಲ. ಕೊನೆಗೆ ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ ವಾಚ್ ಮತ್ತು ಕ್ಯಾಮೆರಾ ಎರಡೂ ನೋಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಒಂಬತ್ತು ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಬಿಳಿ ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಚಿಮಟದ ತುದಿಯಲ್ಲಿ ಒಂದು ಮರಳಿನ ಕಣ ಹಿಡಿದು ನನ್ನ ಅಂಗೈಗೆ ಹಾಕಿದರು. ‘ಇದಕ್ಕೆ ನಾಲ್ಕು ಸಾವಿರ ಕೇಳಿದ್ರಾ?’ ಅಂದರು. ಅವರು ತಗೊಂಡಿದ್ದು 450.

ಅದನ್ನು ನೋಡಿ ನೀವೂ ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಫ್ಲಾಶಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ. ಬ್ಯಾಟರಿ ತೆಗೆದರೂ ಅದು ಕೂಡಲೇ ಹೋಗುವುದಿಲ್ಲ. ಆ ಹಿರಿಯರೂ ಮೊದಲು ಮಾಡಿದ ಕೆಲಸ ಅದನ್ನು ಖಾಲಿ ಮಾಡಿದ್ದು.

ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. ಒರೆಸಿದರೆ ಹೋಗುತ್ತಿಲ್ಲ.

ಅದು ಬೂಷ್ಟು. ಮಲೆನಾಡು, ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಷಾಢದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಉಪ್ಪಿನಕಾಯಿ ಜಾಡಿಯ ಬಟ್ಟೆಗೆ ಬರುವುದು ಲೆನ್ಸಿಗೂ ಬರುತ್ತದೆ. ಭಾವನ ಕ್ಯಾಮೆರಾ ಸತ್ತಿದ್ದೂ ಇದರಿಂದಲೇ. ಬೀರುವಿನ ಕತ್ತಲು, ಗಾಳಿಯಾಡದ ಮೂಲೆ, ಮೇಲಿಂದ ಚರ್ಮದ ಕೇಸು. ಚರ್ಮ ತೇವ ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ?

ಹೊರಗಿನ ಗಾಜಿನ ಮೇಲಿದ್ದರೆ ಲೆನ್ಸ್ ಒರೆಸುವ ದ್ರವದಲ್ಲಿ ಮೆತ್ತಗೆ ಒರೆಸಬಹುದು. ಒಳಗಿದ್ದರೆ ಬಿಚ್ಚದೆ ಆಗುವುದಿಲ್ಲ, ಬಿಚ್ಚಿಸುವ ಖರ್ಚು ಕ್ಯಾಮೆರಾ ಬೆಲೆಗಿಂತ ಜಾಸ್ತಿ. ಹಾಗಾಗಿ ಬರದ ಹಾಗೆ ನೋಡಿಕೊಳ್ಳುವುದೇ ದಾರಿ.

ನಾನು ಮಾಡುವುದು ಇಷ್ಟು. ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿದ್ದು. ಕಿತ್ತಳೆ ಬಣ್ಣದ್ದು ತೇವ ಕುಡಿದರೆ ಹಸಿರಾಗುತ್ತದೆ. ಆಗ ಅದಕ್ಕೆಂದೇ ಇಟ್ಟ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ತೇವದ ಅಳತೆ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ, 40ರಿಂದ 50 ಪರ್ಸೆಂಟ್ ಒಳಗೆ ಇದ್ದರೆ ಒಳ್ಳೆಯದು. ಅಕ್ಕಿ ಡಬ್ಬಿಯಲ್ಲಿ ಹುಗಿಯುವ ಉಪಾಯ ಯಾರೋ ಹೇಳಿರುತ್ತಾರೆ. ಬೇಡ. ಅಕ್ಕಿಯ ಹುಡಿ ಲೆನ್ಸ್ ಸಂದಿಗೆ ಹೋಗಿ ಇನ್ನೊಂದು ರಗಳೆ.

ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ಹೊಡೆಯಿರಿ. ಜೂಮ್ ಒಂದೆರಡು ಸಲ ಹಿಂದೆ ಮುಂದೆ ಹೋಗಲಿ. ಗಾಳಿ ಆಡುತ್ತದೆ, ಬೆಳಕು ಬೀಳುತ್ತದೆ, ಒಳಗಿನ ಗ್ರೀಸು ಗಟ್ಟಿಯಾಗುವುದಿಲ್ಲ.

ಹಳೇ ಕ್ಯಾಮೆರಾ. ಪರದೆಯೆಲ್ಲ ನೇರಳೆ ಬಣ್ಣ, ಗೆರೆ ಗೆರೆ. ಯಾಕೆ?

2002ರಿಂದ 2004ರೊಳಗೆ ತಯಾರಾದದ್ದಾದರೆ ನಿಮ್ಮ ತಪ್ಪಿಲ್ಲದೇ ಇರಬಹುದು. ಆ ಕಾಲದ ಸೋನಿಯ ಕೆಲವು ಸಿಸಿಡಿ ಅನ್ನುವ ಹಳೇ ಬಗೆಯ ಸೆನ್ಸರ್‌ಗಳಲ್ಲಿ ಸೆಖೆ, ತೇವದಿಂದಾಗಿ ಒಳಗಿನ ತಂತಿಯ ಬೆಸುಗೆ ಬಿಟ್ಟುಕೊಳ್ಳುತ್ತಿತ್ತು. ಅದೇ ಸೆನ್ಸರನ್ನು ಬೇರೆ ಕಂಪನಿಗಳೂ ಹಾಕಿದ್ದವು. ಹಾಗಾಗಿ 2005ರ ಅಕ್ಟೋಬರ್‌ನಲ್ಲಿ ಕ್ಯಾನನ್, ನಿಕಾನ್, ಫ್ಯೂಜಿ, ಸೋನಿ ಹೀಗೆ ಸಾಲಾಗಿ ಒಪ್ಪಿಕೊಂಡು, ಪಟ್ಟಿಯಲ್ಲಿದ್ದ ಮಾಡೆಲ್‌ಗಳನ್ನು ವಾರಂಟಿ ಮುಗಿದಿದ್ದರೂ ಪುಕ್ಕಟೆ ಸರಿಮಾಡಿಕೊಟ್ಟವು. ಡಬ್ಬದ ಮೇಲೆ ಯಾವ ಹೆಸರಿದ್ದರೂ ಒಳಗಿನ ಸಾಮಾನು ಒಬ್ಬರೇ ಮಾಡಿದ್ದಿರಬಹುದು ಅಂತ ನನಗೆ ಗೊತ್ತಾಗಿದ್ದೇ ಆಗ. ಈಗ ಆ ರಿಪೇರಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಬ್ಯಾಟರಿ ಬೇಗ ಇಳಿಯುತ್ತದೆ.

ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆದರೆ, ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಅದಕ್ಕೆ ಆಗುವುದಿಲ್ಲ. ನಾಲ್ಕು ಫೋಟೊಗೆ ಮುಗಿಯುತ್ತದೆ. ಚಾರ್ಜ್ ಮಾಡುವ ನಿಕಲ್ ಸೆಲ್ ತಗೊಳ್ಳಿ, ಒಂದೇ ಸಲ ಒಂದು ಜೊತೆ, ಹಳತು ಹೊಸತು ಬೆರೆಸದೆ.

ಲಿಥಿಯಂ ಬ್ಯಾಟರಿಯಾದರೆ ಅದನ್ನು ಮೇಜಿನ ಮೇಲೆ ಮಲಗಿಸಿ ಬೆರಳಲ್ಲಿ ತಿರುಗಿಸಿ ನೋಡಿ. ಬುಗುರಿಯ ಹಾಗೆ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಅದನ್ನು ಮತ್ತೆ ಹಾಕಬೇಡಿ, ಚುಚ್ಚಬೇಡಿ, ಬಚ್ಚಲ ಒಲೆಗೆ ಎಸೆಯಬೇಡಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂತಾದರೆ ಅರ್ಧ ಚಾರ್ಜ್ ಇಟ್ಟು, ಬ್ಯಾಟರಿ ಹೊರಗೆ ತೆಗೆದಿಡಿ. ಬ್ಯಾಟರಿಗೆ ತಾಗುವ ಹಿತ್ತಾಳೆ ಬಣ್ಣದ ಹಲ್ಲುಗಳು ಮಾಸಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ಎಷ್ಟೋ ‘ಸತ್ತ’ ಕ್ಯಾಮೆರಾಗಳು ಇಷ್ಟಕ್ಕೇ ಎದ್ದು ಕೂತಿವೆ.

ಹೊಸ ಮೆಮೊರಿ ಕಾರ್ಡ್ ಹಾಕಿದರೆ ಒಪ್ಪುತ್ತಿಲ್ಲ.

ಕ್ಯಾಮೆರಾದ ವಯಸ್ಸು ಎಷ್ಟು? ಮೊದಲಿನ ಎಸ್‌ಡಿ ಕಾರ್ಡು 2 ಜಿಬಿಯವರೆಗೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿಯವರೆಗೆ. ಅದರಾಚೆಯದು 2009ರ ಎಸ್‌ಡಿಎಕ್ಸ್‌ಸಿ. ನೋಡಲು ಮೂರೂ ಒಂದೇ, ಗೂಡಿಗೂ ಸರಿಯಾಗಿ ಕೂರುತ್ತವೆ, ಆದರೆ ಹಳೇ ಕ್ಯಾಮೆರಾಗೆ ಹೊಸ ಕಾರ್ಡಿನ ಭಾಷೆ ಬರುವುದಿಲ್ಲ. 64 ಜಿಬಿ ಕೊಟ್ಟು ‘ಕ್ಯಾಮೆರಾ ಕೆಟ್ಟಿದೆ’ ಅಂತ ತರುವವರು ಬಹಳ.

ಬೀದಿಬದಿಯ ಅಗ್ಗದ ಕಾರ್ಡಿನ ಮೇಲೆ 32 ಅಂತ ಬರೆದಿದ್ದರೂ ಒಳಗೆ 4 ಇರುವುದುಂಟು. ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಪೂರ್ತಿ ತುಂಬಿಸಿ ಓದಿ ನೋಡಿ ಬಣ್ಣ ಬಯಲು ಮಾಡುತ್ತದೆ. ಫೋಟೊ ತಪ್ಪಿ ಅಳಿಸಿದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೊ ತೆಗೆಯಬೇಡಿ. ಫೋಟೊರೆಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಬಹಳಷ್ಟು ವಾಪಸ್ ಸಿಗುತ್ತವೆ. ನಮ್ಮ ಅತ್ತಿಗೆಯ ಸೀಮಂತದ್ದು ಹಾಗೇ ಸಿಕ್ಕಿದ್ದು, ಎರಡು ಬಿಟ್ಟು.

ತಾರೀಕು ಪದೇ ಪದೇ ಹಳೇದಕ್ಕೆ ಹೋಗುತ್ತದೆ.

ಗಡಿಯಾರಕ್ಕೆಂದು ಒಳಗೆ ಒಂದು ಪುಟ್ಟ ಬ್ಯಾಟರಿ ಇದೆ. ದೊಡ್ಡ ಬ್ಯಾಟರಿಯಿಂದಲೇ ಅದು ಚಾರ್ಜ್ ಆಗುತ್ತದೆ. ತುಂಬಿದ ಬ್ಯಾಟರಿ ಹಾಕಿ ಒಂದು ದಿನ ಬಿಟ್ಟು ನೋಡಿ. ಆದರೂ ನಿಲ್ಲದಿದ್ದರೆ ಅದು ಸತ್ತಿದೆ, ಫೋಟೊಗೇನೂ ತೊಂದರೆ ಇಲ್ಲ.

ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲಿ ಬಿಳೀ ಉಂಡೆಗಳು ತೇಲುತ್ತಿವೆ. ಏನದು?

ದೊಡ್ಡಪ್ಪನ ವೈಕುಂಠ ಸಮಾರಾಧನೆಯ ಫೋಟೊದಲ್ಲಿ ಇವು ಬಂದಾಗ ನಮ್ಮಜ್ಜಿ ಕೈ ಮುಗಿದುಬಿಟ್ಟರು. ಗಾಳಿಯಲ್ಲಿನ ಧೂಳು, ಮಳೆಯ ತುಂತುರು ಅದು. ಚಿಕ್ಕ ಕ್ಯಾಮೆರಾದಲ್ಲಿ ಫ್ಲಾಶ್ ಲೆನ್ಸಿನ ಪಕ್ಕಕ್ಕೇ ಇರುವುದರಿಂದ ಹತ್ತಿರದ ಕಣಕ್ಕೆ ಬಡಿದ ಬೆಳಕು ನೇರ ವಾಪಸ್ ಬರುತ್ತದೆ. ಫೋಕಸ್ ಆಗದ ಕಣ ಉಂಡೆಯ ಹಾಗೆ ಕಾಣುತ್ತದೆ. ಅಜ್ಜಿಗೆ ನಾನು ಇದನ್ನು ಹೇಳಲಿಲ್ಲ.

ಫ್ಲಾಶ್ ಇಲ್ಲದೆ, ಆಕಾಶದ ಫೋಟೊದಲ್ಲಿ ಪ್ರತಿಸಲ ಅದೇ ಜಾಗದಲ್ಲಿ ಬೂದು ಕಲೆ ಬಂದರೆ ಅದು ಬೇರೆ. ಸೆನ್ಸರಿನ ಮೇಲೆ ಧೂಳು ಕೂತಿದೆ. ಜೂಮ್ ಹೊರಗೆ ಬರುವಾಗ ತಿದಿಯ ಹಾಗೆ ಗಾಳಿ ಒಳಗೆಳೆದುಕೊಳ್ಳುತ್ತದೆ, ಜೇಬಿನ ನೂಲಿನ ಹುಡಿಯೂ ಜೊತೆಗೆ ಹೋಗುತ್ತದೆ. ಇದನ್ನು ಬಿಚ್ಚಿಯೇ ತೆಗೆಯಬೇಕು. ಕ್ಯಾಮೆರಾ ಇಡುವ ಜೇಬಲ್ಲಿ ಅಡಿಕೆಪುಡಿ ಪೊಟ್ಟಣ ಇಡಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಈಗಿನ ಹುಡುಗರು ಹಳೇ ಸಿಸಿಡಿ ಕ್ಯಾಮೆರಾನೇ ಬೇಕು ಅಂತಾರೆ.

ತಗೊಳ್ಳಿ, ಆದರೆ ಕೈಯಲ್ಲಿ ಹಿಡಿದು ನೋಡಿ. ಹತ್ತು ಸಲ ಆನ್ ಆಫ್ ಮಾಡಿ, ಸದ್ದು ಒಂದೇ ಥರ ಇರಬೇಕು. ಪೂರ್ತಿ ಜೂಮ್ ಮಾಡಿ ಒಂದು ಫೋಟೊ, ಬಿಳೀ ಗೋಡೆಯದೊಂದು, ಫ್ಲಾಶ್ ಹಾಕಿ ಒಂದು. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಲೆನ್ಸಿನೊಳಗೆ ಬೂಷ್ಟು ಇದೆಯಾ ನೋಡಿ. ಚಾರ್ಜರ್ ಇಲ್ಲದಿದ್ದರೆ ಬೆಲೆ ಇಳಿಸಿ ಕೇಳಿ. ಎಕ್ಸ್‌ಡಿ ಅನ್ನುವ ಹಳೇ ಬಗೆಯ ಕಾರ್ಡಿನ ಕ್ಯಾಮೆರಾ ಆದರೆ ಕಾರ್ಡ್ ಸಮೇತ ಕೊಟ್ಟರೆ ಮಾತ್ರ. ಆ ಕಾರ್ಡು ಈಗ ಹುಡುಕಿದರೂ ಸಿಗುವುದು ಕಷ್ಟ.

ಸಿಸಿಡಿಯಲ್ಲಿ ಏನೋ ಮಾಯೆ ಇದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಬಣ್ಣ ಬಂದಿದ್ದು ಆ ಕಾಲದ ಕಂಪನಿಗಳು ಬಣ್ಣ ಕೂಡಿಸಿದ ರೀತಿಯಿಂದ, ಮತ್ತು ಎದುರಿಂದ ಹೊಡೆಯುವ ಫ್ಲಾಶಿನಿಂದ. ಆದರೂ ಹುಡುಗರ ದಯೆಯಿಂದ ಹಳೇ ಕ್ಯಾಮೆರಾಗಳು ಗುಜರಿಗೆ ಹೋಗುವುದು ತಪ್ಪಿದೆ.

ವಾರಂಟಿ ಇದ್ದರೂ ಸರ್ವೀಸ್ ಸೆಂಟರಿನವರು ಒಪ್ಪದಿದ್ದರೆ?

ಜಿಎಸ್‌ಟಿ ಬಿಲ್ ಇರಬೇಕು, ಅದರಲ್ಲಿ ಕ್ಯಾಮೆರಾದ ಸೀರಿಯಲ್ ನಂಬರ್ ಇರಬೇಕು. ‘ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಮ್ಮಿ’ ಅಂತ ಮಾರುವ ಹೊರದೇಶದ ಮಾಲಿಗೆ ಇಲ್ಲಿಯ ವಾರಂಟಿ ಸಿಗುವುದು ಕಷ್ಟ. ‘ನೀರು ಹೋಗಿದೆ’ ಅಂದರೆ ಎಲ್ಲಿ ಹೋಗಿದೆ ಅಂತ ಫೋಟೊ ತೆಗೆದು ಬರವಣಿಗೆಯಲ್ಲಿ ಕೊಡಲು ಕೇಳಿ. ಆಮೇಲೂ ದಾರಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ಸಾಮಾನಿಗೆ ದೂರಿನ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಹೊಸದೇ ತಗೊಳ್ಳುವುದಾದರೆ?

ಆಯ್ಕೆ ಬಹಳ ಕಮ್ಮಿಯಾಗಿದೆ. 2010ರಲ್ಲಿ ಜಪಾನಿನ ಕಂಪನಿಗಳು ಒಟ್ಟು ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಕಳಿಸಿದ್ದವು. 2023ರಲ್ಲಿ ಅದು 80 ಲಕ್ಷವೂ ಇಲ್ಲ. ಹತ್ತು ಸಾವಿರದೊಳಗಿನ ಜೇಬಿನ ಕ್ಯಾಮೆರಾದ ಜಾಗವನ್ನು ಫೋನ್ ತಿಂದುಹಾಕಿತು. ಉಳಿದ ಒಳ್ಳೆಯವು ದುಬಾರಿ. ರಿಕೋ ಜಿಆರ್ 4, ಫ್ಯೂಜಿಯ ಎಕ್ಸ್100 ಸಿಕ್ಸ್ ಎರಡರಲ್ಲೂ ಸೆನ್ಸರ್ ದೊಡ್ಡದು, ಚಿತ್ರ ಸೊಗಸು, ಆದರೆ ಜೂಮ್ ಇಲ್ಲ. ಮಂಗಟ್ಟೆ ತೆಗೆಯಲು ಹೋಗುವವರಿಗೆ ಅಲ್ಲ. ಅಷ್ಟು ದುಡ್ಡು ಹಾಕುವ ಮುಂಚೆ ಹತ್ತಿರದಲ್ಲಿ ರಿಪೇರಿ ಮಾಡುವವರು ಯಾರಿದ್ದಾರೆ ಅಂತ ವಿಚಾರಿಸಿ.

ನಿಮ್ಮ ಕ್ಯಾಮೆರಾ ಈಗ ಹೇಗಿದೆ?

ಫ್ಲಾಶ್ 2019ರಲ್ಲಿ ಹೋಯಿತು. ಎಡಗಡೆ ಬಾಣದ ಬಟನ್ ಎರಡು ಸಲ ಒತ್ತಿದರೆ ಒಂದು ಸಲ ಕೇಳುತ್ತದೆ. ಬ್ಯಾಟರಿ ಬಾಗಿಲಿನ ಕೊಂಡಿ ಮುರಿದಿದೆ, ಹಾಲಿನ ಪ್ಯಾಕೆಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಮೂರನೇ ಬ್ಯಾಟರಿ ನಡೆಯುತ್ತಿದೆ. ಲೆನ್ಸ್ ಹೊರಗೆ ಬರುವಾಗ ಓಂ ಬೀಚಿನ ಆ ಕರ್ ಸದ್ದು ಈಗಲೂ ಸಣ್ಣಗೆ ಕೇಳುತ್ತದೆ. ಭಾವ ಮೊನ್ನೆ ಬಂದಾಗ ಇದನ್ನೇ ಕೇಳಿ ತಗೊಂಡು ಹೋದರು, ಮೊಮ್ಮಗಳ ನಾಮಕರಣಕ್ಕೆ. ಇನ್ನೂ ವಾಪಸ್ ಬಂದಿಲ್ಲ. ಬೀರುವಿನಲ್ಲಿ ಇಡಬೇಡಿ ಅಂತ ಹೇಳಿಯೇ ಕಳಿಸಿದ್ದೇನೆ.